ರೀವೈಂಡಿಂಗ್ ಅಂಗಡಿಯ ಟ್ರೆಲೊ ಬೋರ್ಡಿಗೆ ಎನ್‌ಏಟ್‌ಎನ್ ಜೋಡಿಸಿದ ಬಗೆ

ಚಿತ್ರದುರ್ಗದ ಒಂದು ಮೋಟರ್ ರೀವೈಂಡಿಂಗ್ ಅಂಗಡಿಗೆ ಇದನ್ನು ಮಾಡಿಕೊಟ್ಟೆ. ಬೇಸಿಗೆ ಬಂತೆಂದರೆ ಹೊಳಲ್ಕೆರೆ, ಹಿರಿಯೂರು ಕಡೆಯ ತೋಟಗಳಿಂದ ಸುಟ್ಟ ಸಬ್‌ಮರ್ಸಿಬಲ್ ಮೋಟರುಗಳು ಬರುತ್ತಲೇ ಇರುತ್ತವೆ. ಒಂದೊಂದು ಮೋಟರಿಗೂ ಟ್ರೆಲೊದಲ್ಲಿ (ಕೆಲಸಗಳನ್ನು ಕಾರ್ಡುಗಳಾಗಿ ಪಟ್ಟಿಗಳಲ್ಲಿ ಇಡುವ ಆನ್‌ಲೈನ್ ಬೋರ್ಡು) ಒಂದು ಕಾರ್ಡು. ಪಟ್ಟಿಗಳು ನಾಲ್ಕು: ‘ಬಂದದ್ದು’, ‘ವೈಂಡಿಂಗ್’, ‘ಟೆಸ್ಟಿಂಗ್’, ‘ರೆಡಿ’. ಕಾರ್ಡು ‘ರೆಡಿ’ಗೆ ಸರಿದ ಕೂಡಲೇ ಕೌಂಟರಿನವರ ಟೆಲಿಗ್ರಾಂ ಗುಂಪಿಗೆ ಸಂದೇಶ ಹೋಗಬೇಕು, ಗೂಗಲ್ ಶೀಟಿನಲ್ಲಿ ಒಂದು ಸಾಲು ಸೇರಬೇಕು. ರೈತರಿಗೆ ಫೋನ್ ಮಾಡುವವರು ಮಾತ್ರ ಅಂಗಡಿಯವರೇ. ಬಿಲ್ಲಿನ ಮಾತು ಬಾಟ್‌ಗೆ ಒಪ್ಪಿಸುವಂಥದ್ದಲ್ಲ.

ಎನ್‌ಏಟ್‌ಎನ್ (n8n) ಎಂದರೆ ಬೇರೆ ಬೇರೆ ಆ್ಯಪುಗಳನ್ನು ಜೋಡಿಸಿ ಇಂಥ ಕೆಲಸವನ್ನು ತಾನಾಗಿ ನಡೆಸುವ ತಂತ್ರಾಂಶ. ಇದು ಅಂಗಡಿಯ ಕಂಪ್ಯೂಟರಿನಲ್ಲೇ ಡಾಕರ್ (ಪ್ರೋಗ್ರಾಂಗಳನ್ನು ‘ಕಂಟೈನರ್’ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ತಂತ್ರಾಂಶ) ಮೇಲೆ, 5678ನೇ ಪೋರ್ಟಿನಲ್ಲಿ ಓಡುತ್ತದೆ. ಡೇಟಾ ಫೋಲ್ಡರನ್ನು ಡಾಕರ್ ವಾಲ್ಯೂಮಿಗೆ (ಕಂಟೈನರಿನ ಹೊರಗೆ ಉಳಿಯುವ ಜಾಗ) ಕೊಡಲೇಬೇಕು. ಇಲ್ಲದಿದ್ದರೆ ಕಂಟೈನರ್ ಅಳಿಸಿದಾಗ ವರ್ಕ್‌ಫ್ಲೋ (ಜೋಡಿಸಿಟ್ಟ ಹೆಜ್ಜೆಗಳ ಸರಣಿ), ಪಾಸ್‌ವರ್ಡ್ ಎಲ್ಲವೂ ಹೋಗುತ್ತವೆ. ಟೈಮ್‌ಝೋನ್ ‘ಏಷ್ಯಾ/ಕೋಲ್ಕತಾ’ ಎಂದು ಹಾಕಿ, ಹಾಕದಿದ್ದರೆ ಅದು ನ್ಯೂಯಾರ್ಕ್ ಗಡಿಯಾರದಂತೆ ನಡೆಯುತ್ತದೆ. ಟ್ರೆಲೊ ಕೊಡುವ ದಿನಾಂಕಗಳು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತವೆ, ನಮ್ಮ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಬೇಕು.

ಬೇರೆ ತಂತ್ರಾಂಶ ಟ್ರೆಲೊವನ್ನು ಬಳಸಲು ಅನುಮತಿ ಕೊಡುವ ಎಪಿಐ ಕೀ, ಟೋಕನ್ ಎರಡೂ ಟ್ರೆಲೊದಿಂದ ಬೇಕು. ವರ್ಕ್‌ಫ್ಲೋ ಆನ್ ಮಾಡಿದಾಗ ಟ್ರೆಲೊ ನಮ್ಮ ವಿಳಾಸವನ್ನು ಒಮ್ಮೆ ತಟ್ಟಿ ನೋಡುತ್ತದೆ. ಉತ್ತರ ಬರದಿದ್ದರೆ ವೆಬ್‌ಹುಕ್ (ಬೋರ್ಡಿನಲ್ಲಿ ಏನಾದರೂ ಬದಲಾದ ಕೂಡಲೇ ಟ್ರೆಲೊ ನಮ್ಮ ವಿಳಾಸಕ್ಕೆ ಸುದ್ದಿ ಕಳಿಸುವ ಏರ್ಪಾಡು) ಹುಟ್ಟುವುದೇ ಇಲ್ಲ. ‘ಲೋಕಲ್‌ಹೋಸ್ಟ್’, ಅಂದರೆ ಆ ಕಂಪ್ಯೂಟರಿನೊಳಗೆ ಮಾತ್ರ ನಡೆಯುವ ವಿಳಾಸ, ಟ್ರೆಲೊಗೆ ಕಾಣದು. ಅದಕ್ಕಾಗಿ ಸ್ವಂತ ಡೊಮೇನಿಗೆ ಕ್ಲೌಡ್‌ಫ್ಲೇರ್ ಟನಲ್ (ಇಂಟರ್ನೆಟ್ಟಿನಿಂದ ಅಂಗಡಿಯ ಕಂಪ್ಯೂಟರಿಗೆ ದಾರಿ ಮಾಡುವ ಸೇವೆ) ಹಾಕಿ, ಆ ವಿಳಾಸವನ್ನೇ ಎನ್‌ಏಟ್‌ಎನ್‌ನ ವೆಬ್‌ಹುಕ್ ಯುಆರ್‌ಎಲ್ ಸೆಟ್ಟಿಂಗಿನಲ್ಲಿ ಬರೆದೆ. ಪುಕ್ಕಟೆ ತಾತ್ಕಾಲಿಕ ಟನಲ್ ಸಾಲದು, ಪ್ರತಿ ಸಲ ಶುರುವಾದಾಗಲೂ ಅದರ ವಿಳಾಸ ಬದಲಾಗುತ್ತದೆ.

ಬೋರ್ಡಿನ ವೆಬ್‌ಹುಕ್ ಕಾಮೆಂಟು, ಲೇಬಲ್ಲು ಎಲ್ಲವನ್ನೂ ತಂದು ಸುರಿಯುತ್ತದೆ. ಹಾಗಾಗಿ ಟ್ರಿಗರ್ (ವರ್ಕ್‌ಫ್ಲೋ ಶುರು ಮಾಡುವ ಹೆಜ್ಜೆ) ಆದ ಕೂಡಲೇ ಫಿಲ್ಟರ್: ‘ಲಿಸ್ಟ್‌ಆಫ್ಟರ್’, ಅಂದರೆ ಕಾರ್ಡು ಸರಿದು ಸೇರಿದ ಪಟ್ಟಿಯ ಐಡಿ, ನಮ್ಮ ರೆಡಿ ಪಟ್ಟಿಯದ್ದೇ? ಹೆಸರನ್ನು ಹೋಲಿಸಬೇಡಿ, ಯಾರಾದರೂ ಪಟ್ಟಿಯ ಹೆಸರು ತಿದ್ದಿದರೆ ಸದ್ದಿಲ್ಲದೆ ನಿಂತುಬಿಡುತ್ತದೆ. ಬೋರ್ಡಿನ ವಿಳಾಸದ ಕೊನೆಗೆ ‘ಡಾಟ್ ಜೇಸನ್’ ಸೇರಿಸಿ ತೆರೆದರೆ ಐಡಿಗಳು ಸಿಗುತ್ತವೆ.

ನಿಜವಾದ ತೊಡಕು ಕರೆಂಟಿನದು. ಕಂಪ್ಯೂಟರ್ ಆಫ್ ಆಗಿದ್ದಾಗ ಸರಿದ ಕಾರ್ಡಿನ ಸುದ್ದಿಯನ್ನು ಟ್ರೆಲೊ ಕೆಲವು ಸಲ ಕಳಿಸಿ ನೋಡಿ ಕೈಬಿಡುತ್ತದೆ. ಆದ್ದರಿಂದ ಎರಡನೇ ದಾರಿಯೂ ಇರಲೇಬೇಕು: ಸಂಜೆ 6ಕ್ಕೆ ಶೆಡ್ಯೂಲ್ ಟ್ರಿಗರ್ (ಗೊತ್ತುಪಡಿಸಿದ ಹೊತ್ತಿಗೆ ಶುರುವಾಗುವುದು) ರೆಡಿ ಪಟ್ಟಿಯ ಎಲ್ಲ ಕಾರ್ಡುಗಳನ್ನು ಓದುತ್ತದೆ. ನೇರವಾಗಿ ರೆಡಿಯಲ್ಲೇ ಹುಟ್ಟಿಸಿದ ಕಾರ್ಡುಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ.

ಎರಡೂ ದಾರಿ ಒಂದೇ ತಪಾಸಣೆಗೆ ಬರಬೇಕು: ಈ ಕಾರ್ಡ್ ಐಡಿ ಶೀಟಿನಲ್ಲಿ ಈಗಾಗಲೇ ಇದೆಯೇ? ಇದ್ದರೆ ಅಲ್ಲಿಗೇ ನಿಲ್ಲಿಸಿ. ಶೀಟ್ ಓದುವ ನೋಡ್‌ಗೆ (ವರ್ಕ್‌ಫ್ಲೋದ ಒಂದೊಂದು ಹೆಜ್ಜೆಯೂ ಒಂದು ನೋಡ್) ಏನೂ ಸಿಗದಿದ್ದರೆ ಎನ್‌ಏಟ್‌ಎನ್ ಮುಂದಕ್ಕೇ ಹೋಗುವುದಿಲ್ಲ. ಹೊಸ ಕಾರ್ಡುಗಳೆಲ್ಲ ಅಲ್ಲೇ ಸತ್ತುಹೋಗುತ್ತವೆ. ಆ ನೋಡ್‌ನ ಸೆಟ್ಟಿಂಗಿನಲ್ಲಿ ‘ಆಲ್ವೇಸ್ ಔಟ್‌ಪುಟ್ ಡೇಟಾ’ ಆನ್ ಮಾಡಿ.

ಟೆಲಿಗ್ರಾಂ ಗುಂಪಿನ ಐಡಿ ಮೈನಸ್ ಚಿಹ್ನೆಯಿಂದ ಶುರುವಾಗುತ್ತದೆ, ಅದನ್ನು ಬಿಡಬಾರದು. ಗುಂಪು ಸೂಪರ್‌ಗ್ರೂಪ್ (ಟೆಲಿಗ್ರಾಂನ ದೊಡ್ಡ ಗುಂಪಿನ ಬಗೆ) ಆಗಿ ಬದಲಾದರೆ ಐಡಿಯೇ ಬೇರೆಯಾಗುತ್ತದೆ.

ಮೊದಲು ಸಂದೇಶ, ಆಮೇಲೆ ಶೀಟಿನ ಸಾಲು: ಈ ಕ್ರಮವನ್ನೇ ಇಟ್ಟಿದ್ದೇನೆ. ಸಾಲು ಮೊದಲು ಬಿದ್ದು ಸಂದೇಶ ತಪ್ಪಿದರೆ ಸಂಜೆಯ ಓದೂ ಆ ಕಾರ್ಡನ್ನು ದಾಟಿಬಿಡುತ್ತದೆ, ಮೋಟರ್ ಅಂಗಡಿಯಲ್ಲೇ ಉಳಿದು ತೋಟ ಒಣಗುತ್ತದೆ. ಸಂದೇಶ ಎರಡು ಸಲ ಹೋದರೆ ನಷ್ಟವಿಲ್ಲ.