ವೈಡ್ ಲೆನ್ಸ್ ಕೊಳ್ಳುತ್ತೀರಾ? ಫೋಟೊದ ಅಂಚು ನೋಡಿ

ಕೆಲವು ವರ್ಷಗಳ ಹಿಂದೆ ನಾನೊಂದು ಸೆಕೆಂಡ್ ಹ್ಯಾಂಡ್ ವೈಡ್ ಲೆನ್ಸ್, ಅಂದರೆ ಅಗಲದ ನೋಟ ಹಿಡಿಯುವ ಲೆನ್ಸ್, ತಗೊಂಡೆ. ಮಾರಿದವರು ಕಳಿಸಿದ್ದ ಸ್ಯಾಂಪಲ್ ಫೋಟೊ ಎಷ್ಟು ಚೆನ್ನಾಗಿದ್ದವು ಅಂದರೆ ಚೌಕಾಸಿ ಮಾಡುವುದೇ ಮರೆತುಹೋಯಿತು. ಕೆಂಪು ಆಕಾಶ, ಕಡಲು, ಮಧ್ಯದಲ್ಲೊಂದು ದೋಣಿ. ಮನೆಗೆ ತಂದು ನಾಲ್ಕು ದಿನ ಬಳಸಿದ ಮೇಲೆ ಗೊತ್ತಾಯಿತು, ಎಡಗಡೆ ಪೂರ್ತಿ ಮಂಜು ಮಂಜು. ಆ ಸ್ಯಾಂಪಲ್‌ಗಳನ್ನು ಮತ್ತೆ ತೆಗೆದು ನೋಡಿದೆ. ಎಲ್ಲದರಲ್ಲೂ ಎಡಗಡೆ ಬರೀ ಆಕಾಶ, ನೀರು. ಮಂಜಾಗಿದೆ ಅಂತ ಗೊತ್ತಾಗಲು ಅಲ್ಲಿ ಏನಾದರೂ ಇರಬೇಕಲ್ವಾ!

ಅವತ್ತಿನಿಂದ ಲೆನ್ಸ್ ನೋಡುವಾಗ ನನಗೆ ಚಂದದ ಫೋಟೊ ಬೇಡ. ಬೋರು ಹೊಡೆಸುವ ಫೋಟೊ ಬೇಕು.

ಮೊದಲು ಒರಿಜಿನಲ್ ಸೈಜಿನ ಫೈಲ್ ಹುಡುಕಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ, 4000 ಎತ್ತರ ಇರುತ್ತದೆ. ಅದನ್ನು 2000 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಒಂಬತ್ತು ಪಿಕ್ಸೆಲ್ ಸೇರಿ ಒಂದಾಗುತ್ತದೆ, ಅಷ್ಟರಲ್ಲಿ ಎಂಥ ಡಬ್ಬಾ ಲೆನ್ಸೂ ಶಾರ್ಪ್ ಆಗಿ ಕಾಣುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ನೋಡಿ ತೀರ್ಮಾನ ಮಾಡಲೇಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಕಂಪ್ಯೂಟರಿನಲ್ಲಿ 100% ಜೂಮ್ ಮಾಡಿ ನೋಡಿ.

ಆಮೇಲೆ ಫೈಲಿನ ಮಾಹಿತಿ ತೆರೆದು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾದುಬರುವ ತೂತು, ಎಷ್ಟಿದೆ ನೋಡಿ. ಎಫ್ ಜೊತೆಗಿನ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಎಲ್ಲಾ ಫೋಟೊ ಎಫ್/8ರಲ್ಲೇ ಇದ್ದರೆ ನನಗೆ ಸ್ವಲ್ಪ ಅನುಮಾನ. ಎಫ್/8ರಲ್ಲಿ ಹೆಚ್ಚುಕಡಿಮೆ ಎಲ್ಲ ವೈಡ್ ಲೆನ್ಸ್‌ಗಳೂ ಒಳ್ಳೆಯ ಹುಡುಗರೇ. ಅದೇ ದೃಶ್ಯವನ್ನು ಅಪರ್ಚರ್ ಪೂರ್ತಿ ತೆರೆದು, ಅಂದರೆ ಎಫ್/2.8 ಅಥವಾ ಎಫ್/4ರಲ್ಲಿ ತೆಗೆದದ್ದೂ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಲೆನ್ಸಿನ ಜಾತಕ ಗೊತ್ತಾಗುತ್ತದೆ. ಎಫ್/22ರಲ್ಲಿ ತೆಗೆದದ್ದು ಮಂಕಾಗಿದ್ದರೆ ಲೆನ್ಸನ್ನು ಬೈಯಬೇಡಿ. ಅಷ್ಟು ಚಿಕ್ಕ ತೂತಿನಲ್ಲಿ ಹಾದು ಬರುವಾಗ ಬೆಳಕು ಹರಡಿಕೊಳ್ಳುತ್ತದೆ, ದುಬಾರಿ ಲೆನ್ಸಿಗೂ ಅದು ತಪ್ಪಿದ್ದಲ್ಲ.

ಈಗ ಯಾವ ಫೋಟೊ ನೋಡಬೇಕು? ನನ್ನ ಮಟ್ಟಿಗೆ ಹಂಪಿಗಿಂತ ಒಳ್ಳೆಯ ಲ್ಯಾಬ್ ಇಲ್ಲ. ಬೆಳಿಗ್ಗೆ ಮಾತಂಗ ಬೆಟ್ಟ ಹತ್ತಿದವರೆಲ್ಲ ಪೂರ್ವಕ್ಕೆ ತಿರುಗಿ ಸೂರ್ಯನಿಗೆ ಕಾಯುತ್ತಾರೆ. ನೀವು ಪಶ್ಚಿಮಕ್ಕೆ ತಿರುಗಿದ ಫೋಟೊ ಹುಡುಕಿ. ಬಿಸಿಲು ಬೆನ್ನ ಹಿಂದಿನಿಂದ ಬಂದು ನೇರ ವಿರೂಪಾಕ್ಷನ ಗೋಪುರದ ಮೇಲೆ ಬಿದ್ದಿರುತ್ತದೆ, ಸುತ್ತ ಎರಡೂ ಅಂಚಿನವರೆಗೆ ಬಂಡೆಗುಡ್ಡ. ಬಂಡೆ ಗಾಳಿಗೆ ಅಲುಗಾಡುವುದಿಲ್ಲ. ಮರವಾದರೆ ಎಲೆ ಅಲ್ಲಾಡಿ ಮಸುಕಾಯಿತೋ ಲೆನ್ಸೇ ಮಸುಕೋ ಹೇಳುವುದು ಕಷ್ಟ. ಮೊದಲು ಗೋಪುರದ ಗಾರೆ ಬೊಂಬೆಗಳನ್ನು ನೋಡಿ, ಫೋಕಸ್ ಸರಿಯಾಗಿದೆಯಾ ಅಂತ. ನಂತರ ನಿಧಾನವಾಗಿ ಎಡ ಅಂಚಿಗೆ ಸರಿಯಿರಿ. ಬಂಡೆಗಳ ನಡುವಿನ ಬಿರುಕು ಕೂದಲೆಳೆಯಂತೆ ಕಾಣುತ್ತಿದೆಯಾ, ಅಥವಾ ಒದ್ದೆ ಬೆರಳಲ್ಲಿ ಒರೆಸಿದ ಹಾಗಿದೆಯಾ? ಈಗ ಬಲ ಅಂಚಿಗೆ ಹೋಗಿ, ಅಷ್ಟೇ ದೂರದ ಬಂಡೆ ನೋಡಿ. ಎರಡೂ ಕಡೆ ಒಂದೇ ರೀತಿ ಸ್ವಲ್ಪ ಮೆತ್ತಗಿದ್ದರೆ ಅದು ಆ ಮಾಡೆಲ್ಲಿನ ಗುಣ, ಬೆಲೆಗೆ ತಕ್ಕಂತೆ ಒಪ್ಪಿಕೊಳ್ಳಬಹುದು. ಒಂದೇ ಕಡೆ ಮಸುಕಾಗಿದ್ದರೆ ಒಳಗಿನ ಗಾಜು ಜಾಗ ತಪ್ಪಿ ಕೂತಿರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ಇನ್ನೊಮ್ಮೆ ಮುಟ್ಟಲ್ಲ.

ಕೆಳಗಿನ ಮೂಲೆಗಳನ್ನು ಮಾತ್ರ ಸುಲಭಕ್ಕೆ ನಂಬಬೇಡಿ. ಅಲ್ಲಿ ಫೋಟೊ ತೆಗೆದವನ ಕಾಲ ಬುಡದ ಕಲ್ಲೇ ಇರುತ್ತದೆ, ತೀರಾ ಹತ್ತಿರ ಆದ್ದರಿಂದ ಫೋಕಸ್ಸಿನ ಹೊರಗೆ ಹೋಗಿರಬಹುದು.

ಬಣ್ಣದ ಅಂಚು ನೋಡಲು ತೆಂಗಿನ ಗರಿಯೇ ಸರಿ. ಬಿಳಿ ಆಕಾಶದ ಎದುರು, ಫ್ರೇಮಿನ ಪಕ್ಕದಲ್ಲಿ ಗರಿ ಇದ್ದರೆ ಒಂದು ಬದಿ ನೇರಳೆ, ಇನ್ನೊಂದು ಬದಿ ಹಸಿರು ಗೆರೆ ಕಾಣಿಸುತ್ತದೆ. ಸಾಫ್ಟ್‌ವೇರಿನಲ್ಲಿ ಒಂದು ಕ್ಲಿಕ್ಕಿಗೆ ಬಹುಪಾಲು ಹೋಗುವ ದೋಷ ಇದು, ತಲೆ ಕೆಡಿಸಿಕೊಳ್ಳಬೇಡಿ. ಮೂಲೆ ಕತ್ತಲಾಗುವುದೂ ಹಾಗೇ. ಗೆರೆ ಬಾಗುವುದನ್ನು ನೋಡಲು ಕಡಲಂಚಿನ ಫೋಟೊ ಬೇಕು. ಆದರೆ ಕ್ಷಿತಿಜ ಫ್ರೇಮಿನ ನಟ್ಟನಡುವೆ ಇದ್ದರೆ ಬಾಗುವ ಲೆನ್ಸಿನಲ್ಲೂ ಅದು ನೆಟ್ಟಗೇ ಬರುತ್ತದೆ, ಮೇಲಿನ ಅಂಚಿನ ಹತ್ತಿರ ಇರುವ ಫೋಟೊವನ್ನೇ ಕೇಳಿ. ಈಗಿನ ಕ್ಯಾಮೆರಾಗಳು ಜೆಪೆಗ್ ಮಾಡುವಾಗಲೇ ಇದನ್ನೆಲ್ಲ ತಿದ್ದಿಬಿಡುತ್ತವೆ, ಮೂಲೆಯನ್ನು ಎಳೆದು ಸರಿಮಾಡುವಾಗ ಅಲ್ಲಿನ ಶಾರ್ಪ್‌ನೆಸ್ ಒಂದಿಷ್ಟು ಹೋಗುತ್ತದೆ.

ನಕ್ಷತ್ರದ ಫೋಟೊ ಸಿಕ್ಕರೆ ಬಿಡಲೇಬೇಡಿ. ನಡುವಿನ ನಕ್ಷತ್ರ ಚುಕ್ಕಿಯಾಗಿದ್ದು ಮೂಲೆಯದ್ದು ರೆಕ್ಕೆ ಬಿಚ್ಚಿದ ಹಕ್ಕಿಯಂತಿದ್ದರೆ ಅದು ಲೆನ್ಸಿನದ್ದೇ ದೋಷ. ಯಾವ ಕ್ಲಿಕ್ಕಿಗೂ ಸರಿಯಾಗಲ್ಲ.

ಲೆನ್ಸಿನ ತಪ್ಪೇ ಅಲ್ಲದ್ದೂ ಇದೆ. ಗೋಪುರ ಹಿಂದಕ್ಕೆ ವಾಲಿದೆ ಅಂದರೆ ಕ್ಯಾಮೆರಾ ಮೇಲಕ್ಕೆ ಎತ್ತಿದ್ದಾರೆ ಅಂತಷ್ಟೇ. ಅಂಚಿನಲ್ಲಿರುವ ಬಂಡೆ, ಗುಂಪು ಫೋಟೊದ ಕೊನೆಯಲ್ಲಿ ನಿಂತ ಚಿಕ್ಕಪ್ಪ, ಇಬ್ಬರೂ ಅಗಲಕ್ಕೆ ಎಳೆದ ಹಾಗೆ ಕಾಣುವುದು ಅಷ್ಟು ಅಗಲದ ನೋಟವನ್ನು ಚಪ್ಪಟೆ ಚಿತ್ರಕ್ಕೆ ಇಳಿಸಿದ್ದರಿಂದ.

ಕೊನೆಗೆ ಅಂಗಡಿಗೆ ಹೋದಾಗ ನಿಮ್ಮ ಕ್ಯಾಮೆರಾ, ನಿಮ್ಮ ಕಾರ್ಡ್ ತಗೊಂಡು ಹೋಗಿ. ದೂರದ ಕಟ್ಟಡವೊಂದನ್ನು ಎದುರಿನಿಂದ ಒಮ್ಮೆ ತೆಗೆಯಿರಿ, ಆಮೇಲೆ ಕ್ಯಾಮೆರಾ ತಲೆಕೆಳಗು ಮಾಡಿ ಅದನ್ನೇ ಇನ್ನೊಮ್ಮೆ. ಎರಡನೆಯದನ್ನು ತಿರುಗಿಸದೆ, ತಲೆಕೆಳಗಾಗಿಯೇ ನೋಡಿ. ಮಸುಕು ಎರಡರಲ್ಲೂ ಫ್ರೇಮಿನ ಎಡಗಡೆಯೇ ಉಳಿದರೆ ಲೆನ್ಸ್ ವಾಪಸ್ ಕೊಡಿ. ಕಟ್ಟಡದ ಜೊತೆಗೇ ಬಲಕ್ಕೆ ಹೋದರೆ ನೀವು ನಿಂತದ್ದು ಓರೆಯಾಗಿತ್ತು, ಸರಿಯಾಗಿ ನಿಂತು ಇನ್ನೊಂದು ಸಲ ತೆಗೆಯಿರಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.