ರೆಪ್ಪೆ ಸೆಳೆತಕ್ಕೆ ಹಿಪ್ನೋಥೆರಪಿ: ನನ್ನ ಅನುಭವ

ನನಗಿರುವುದು ಬ್ಲೆಫರೋಸ್ಪಾಸಂ. ಎರಡೂ ಕಣ್ಣಿನ ರೆಪ್ಪೆ ನನ್ನನ್ನು ಕೇಳದೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ ಒಂದು ರೆಪ್ಪೆ ಪಟಪಟ ಅದುರುತ್ತದಲ್ಲ, ಇದು ಅದಲ್ಲ. ಅದು ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಮನೆಯಲ್ಲೂ ಮೊದಮೊದಲು "ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೇದು ಬಿಡು" ಅಂದರು. ಬಿಸಿಲಿಗೆ ಬಂದರೆ ಕಣ್ಣೇ ಬಿಡಲಾಗದಂತಾದಾಗ ನರರೋಗ ತಜ್ಞರ ಹತ್ತಿರ ಹೋದೆ. ಕಣ್ಣು ಚೆನ್ನಾಗಿದೆ, ರೆಪ್ಪೆ ಮುಚ್ಚುವ ಸ್ನಾಯುವಿಗೆ ಮೆದುಳಿನಿಂದ ಬರುವ ಸೂಚನೆಯಲ್ಲಿ ಎಡವಟ್ಟಾಗಿದೆ ಎಂದರು. ಇದಕ್ಕೆ ಮುಖ್ಯ ಚಿಕಿತ್ಸೆ ಸ್ನಾಯುವಿನ ಬಿಗಿತ ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್. ಅಮೆರಿಕದಲ್ಲಿ 1989ರಲ್ಲೇ ಈ ಕಾಯಿಲೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು, ಮುಖದ ಸುಕ್ಕಿಗೆ ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ. ಒಮ್ಮೆ ಹಾಕಿಸಿದರೆ ಸುಮಾರು ಮೂರು ತಿಂಗಳು ನಿರಾಳ.

ಕಷ್ಟವೆಲ್ಲ ಕೊನೆಯ ವಾರಗಳದ್ದು. ಔಷಧದ ಬಲ ಇಳಿಯುತ್ತಿದ್ದಂತೆ "ಈಗ ಮುಚ್ಚಿಕೊಂಡುಬಿಟ್ಟರೆ?" ಎನ್ನುವ ಭಯ ಶುರುವಾಗುತ್ತಿತ್ತು. ಭಯಪಟ್ಟಷ್ಟೂ ಸೆಳೆತ ಜಾಸ್ತಿ. ನಾನು ಹಿಪ್ನೋಥೆರಪಿಗೆ, ಅಂದರೆ ಸಮ್ಮೋಹನ ಚಿಕಿತ್ಸೆಗೆ, ಹೋದದ್ದು ಆ ಭಯ ಕಳೆಯಲಿ ಅಂತ. ಡಾಕ್ಟರನ್ನು ಕೇಳಿಯೇ ಹೋದೆ, ಇಂಜೆಕ್ಷನ್ ಬಿಡಲಿಲ್ಲ.

ಹಿಪ್ನಾಸಿಸ್‌ನ ಹಳೆಯ ದಾರಿ ಇರುವುದೇ ಕಣ್ಣಿನ ಮೂಲಕ. 19ನೇ ಶತಮಾನದಲ್ಲಿ ಮ್ಯಾಂಚೆಸ್ಟರ್‌ನ ಸರ್ಜನ್ ಜೇಮ್ಸ್ ಬ್ರೇಡ್, ಹೊಳೆಯುವ ವಸ್ತುವೊಂದನ್ನು ಹಣೆಗಿಂತ ಮೇಲೆ ಹಿಡಿದು ದಿಟ್ಟಿಸಿ ನೋಡಿಸುತ್ತಿದ್ದರು. ರೆಪ್ಪೆ ದಣಿದು ಮುಚ್ಚಿಕೊಳ್ಳುತ್ತಿತ್ತು. ಇವತ್ತಿಗೂ "ರೆಪ್ಪೆ ಭಾರವಾಗ್ತಿದೆ, ತೆರೆಯೋಕೆ ಆಗ್ತಿಲ್ಲ" ಎನ್ನುತ್ತಲೇ ಶುರು ಮಾಡುವವರಿದ್ದಾರೆ. ತೆರೆಯಲಾಗದ ರೆಪ್ಪೆಯೇ ನನ್ನ ಕಾಯಿಲೆ ಅಲ್ವಾ? ಅದನ್ನೇ ಮತ್ತೆ ಕಿವಿಯಲ್ಲಿ ಊದಿಸಿಕೊಳ್ಳಲು ನನಗೆ ಸುತರಾಂ ಇಷ್ಟವಿರಲಿಲ್ಲ. ಮೊದಲ ಭೇಟಿಯಲ್ಲೇ ಹೇಳಿದೆ. ಥೆರಪಿಸ್ಟ್ ಸ್ವಲ್ಪ ಯೋಚಿಸಿ, "ಸರಿ ಮೇಡಂ, ಕಣ್ಣಿನ ತಂಟೆಗೇ ಹೋಗೋದು ಬೇಡ. ಕೈಯಿಂದ ಶುರು ಮಾಡೋಣ" ಎಂದರು.

ಬಲಗೈ ತೊಡೆಯ ಮೇಲೆ, ಅಂಗೈ ಮೇಲಾಗಿ. ಬಿಸಿ ಕಾಫಿ ಲೋಟ ಹಿಡಿದಾಗಿನ ಶಾಖವನ್ನು ಬೆರಳ ತುದಿಗೆ ನೆನಪಿಸಿಕೊಳ್ಳಬೇಕು. ಆ ಶಾಖ ಮಣಿಕಟ್ಟು, ಮೊಣಕೈ, ಭುಜ, ಕತ್ತು ದಾಟಿ ನಿಧಾನವಾಗಿ ದವಡೆಗೆ ಬರುತ್ತದೆ. ಹಲ್ಲು ಕಚ್ಚಿಕೊಂಡಿದ್ದೆ ಅಂತ ಗೊತ್ತಾಗುವುದೇ ದವಡೆ ಸಡಿಲವಾದಾಗ. ಆಮೇಲೆ ಹಣೆ. ರೆಪ್ಪೆಯ ಸರದಿ ಕೊನೆಗೆ. ಅದಕ್ಕೆ ಮುಚ್ಚು ಅನ್ನುವುದಿಲ್ಲ, ತೆರೆ ಅನ್ನುವುದೂ ಇಲ್ಲ. "ಹುಬ್ಬಿನ ಕೆಳಗೆ ತಂಪಾಗಿದೆ, ಹಗುರಾಗಿದೆ" ಅಷ್ಟೇ. "ಸೆಳೆತ ಬರಲ್ಲ" ಅನ್ನುವ ಮಾತನ್ನೂ ತೆಗೆಸಿದೆ, ಅದರ ಹೆಸರೆತ್ತಿದರೆ ಸಾಕು ರೆಪ್ಪೆ ಬಿಗಿಯುತ್ತಿತ್ತು. ಹಗುರವಾದ ಹೊತ್ತಿಗೆ ಹೆಬ್ಬೆರಳಿಗೆ ತೋರುಬೆರಳು ತಾಗಿಸಬೇಕು. ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಒಬ್ಬಳೇ ಕೂತು ಇದನ್ನೇ ಮಾಡಿದೆ. ಬರಬರುತ್ತಾ ಬೆರಳು ತಾಗಿಸಿದರೆ ಸಾಕು, ಹಣೆ ತಾನಾಗಿ ಸಡಿಲವಾಗತೊಡಗಿತು.

ಈಗ ರಸ್ತೆ ದಾಟುವ ಮೊದಲು ಫುಟ್‌ಪಾತ್ ಮೇಲೆ ನಿಂತು ಬೆರಳು ಜೋಡಿಸುತ್ತೇನೆ. ಸೆಳೆತ ಹೋಗಿಲ್ಲ. ಬಂದರೂ ಗಾಬರಿಯಾಗುವುದಿಲ್ಲ, ಹಾಗಾಗಿ ಬೇಗ ಬಿಡುತ್ತದೆ. ಇಷ್ಟಾದದ್ದೇ ನನಗೆ ದೊಡ್ಡ ವಿಷಯ. ಕೆಲವರಿಗೆ ಹಾಡು ಗುನುಗಿದರೂ, ಕಣ್ಣಿನ ಪಕ್ಕ ಮುಟ್ಟಿಕೊಂಡರೂ ರೆಪ್ಪೆ ಬಿಡುತ್ತದೆ, ಅದನ್ನೂ ಮಾಡಿ ನೋಡಿ.

ಮುಖದ ಒಂದೇ ಬದಿ ಸೆಳೆಯುತ್ತಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಯಾವುದಕ್ಕೂ ಮೊದಲು ನರರೋಗ ತಜ್ಞರಿಗೆ ತೋರಿಸಿ. ಇಂಜೆಕ್ಷನ್ ನಿಲ್ಲಿಸಿ ಎನ್ನುವ ಹಿಪ್ನೋಥೆರಪಿಸ್ಟ್ ಹತ್ತಿರ ದಯವಿಟ್ಟು ಹೋಗಬೇಡಿ.