ಕೊಡಗಿನ ವಕೀಲರು ಎಲ್ಲಿ ಓದಿದರು: ಕಾನೂನು ಕಾಲೇಜುಗಳ ಚರಿತ್ರೆ ಬರೆಯುವ ಕ್ರಮ

ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಸ್ಮರಣ ಸಂಚಿಕೆಯೊಂದು ಹೊರಬರುವಾಗ ಅದರಲ್ಲಿ ಹಿರಿಯ ವಕೀಲರೊಬ್ಬರ ಪರಿಚಯ ಲೇಖನ ಇದ್ದೇ ಇರುತ್ತದೆ. ಹುಟ್ಟಿದ ಊರು, ಮನೆತನ, 'ಮದ್ರಾಸಿನಲ್ಲಿ ಕಾನೂನು ಪದವಿ ಪಡೆದರು' ಎಂಬ ಒಂದು ವಾಕ್ಯ, ಅದರ ಬೆನ್ನಿಗೇ ಗೆದ್ದ ಮೊಕದ್ದಮೆಗಳ ವಿವರ. ಎರಡು ಮೂರು ವರ್ಷಗಳ ಓದು, ಒಂದು ಕಾಲೇಜು, ಅಲ್ಲಿ ಪಾಠ ಹೇಳಿದ ಮೇಷ್ಟರುಗಳು, ಅವರು ಕಲಿಸುತ್ತಿದ್ದ ರೀತಿ ಎಲ್ಲವೂ ಆ ಒಂದು ವಾಕ್ಯದೊಳಗೆ ಮುದುಡಿ ಕೂತಿರುತ್ತವೆ. ಅದನ್ನು ಬಿಡಿಸಿ ಬರೆಯಬೇಕೆನ್ನುವ ವಿದ್ಯಾರ್ಥಿಗಳು, ಕಿರಿಯ ವಕೀಲರು ಮತ್ತು ತಮ್ಮ ಮನೆತನದ ಹಿರಿಯರ ಬಗ್ಗೆ ಬರೆಯಲು ಹೊರಟವರಿಗೆ ಅನುಕೂಲವಾಗಲೆಂದು ನಾನು ಅನುಸರಿಸುತ್ತ ಬಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಬಹುಕಾಲ ಕೊಡಗಿನವರು ಕಾನೂನು ಓದಲು ಘಟ್ಟ ಇಳಿದೋ ಬಯಲುಸೀಮೆ ದಾಟಿಯೋ ಹೋಗಬೇಕಾಗಿತ್ತು. ಹೀಗಾಗಿ ನಮ್ಮ ವಕೀಲರ ಓದಿನ ಚರಿತ್ರೆ ಎಂದರೆ ಬೇರೆ ಊರುಗಳ ಕಾಲೇಜುಗಳ ಚರಿತ್ರೆಯೇ. ಬರೆಯುವವನಿಗೆ ಇದರಿಂದ ಒಂದು ಲಾಭವೂ ಇದೆ: ಯಾವ ಕಾಲೇಜಿನ ಅಭಿಮಾನವೂ ನಮ್ಮ ಕೈ ಕಟ್ಟುವುದಿಲ್ಲ.

ಮೊದಲು ಹೆಸರಿನ ಮುಂದಿನ ಅಕ್ಷರಗಳು

ಕೆಲಸವನ್ನು ಕಾಲೇಜಿನಿಂದಲ್ಲ, ವ್ಯಕ್ತಿಯ ಹೆಸರಿನ ಮುಂದಿರುವ ಅಕ್ಷರಗಳಿಂದ ಆರಂಭಿಸಬೇಕು. ಹಳೆಯ ಬೋರ್ಡು, ಲೆಟರ್‌ಹೆಡ್ಡು, ಮದುವೆಯ ಕರೆಯೋಲೆ, ಇವುಗಳಲ್ಲಿ ಆ ಅಕ್ಷರಗಳು ಸಿಗುತ್ತವೆ. ಬಿ.ಎಲ್. ಎಂದಿದ್ದರೆ ಮದ್ರಾಸ್ ವಿಶ್ವವಿದ್ಯಾಲಯವನ್ನು ಮೊದಲು ಹುಡುಕಿ; ಹಳೆಯ ಎಲ್‌ಎಲ್.ಬಿ. ಎಂದಿದ್ದರೆ ಮುಂಬಯಿಯ ಕಡೆಯ ಓದಿರಬಹುದು. ಬಾರ್-ಅಟ್-ಲಾ ಎಂದಿದ್ದರೆ ಅವರು ಲಂಡನ್ನಿನ ನಾಲ್ಕು ಇನ್‌ಗಳಲ್ಲಿ, ಅಂದರೆ ಬ್ಯಾರಿಸ್ಟರುಗಳನ್ನು ತಯಾರಿಸುವ ವಕೀಲರ ಸಂಸ್ಥೆಗಳಲ್ಲಿ, ಒಂದರ ಸದಸ್ಯರಾಗಿದ್ದವರು. ಅಲ್ಲಿ ಪರೀಕ್ಷೆಯ ಜೊತೆಗೆ ಟರ್ಮಿಗೆ ಇಂತಿಷ್ಟು ಬಾರಿ ಇನ್‌ನ ಭೋಜನಶಾಲೆಯಲ್ಲಿ ಕೂತು ಊಟ ಮಾಡುವುದೂ ಅರ್ಹತೆಯ ಭಾಗವಾಗಿತ್ತು. 1891ರಲ್ಲಿ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರಾದ ಗಾಂಧೀಜಿಯವರೂ ಆ ಊಟಗಳನ್ನು ಮುಗಿಸಿಯೇ ಬಂದವರು.

ಪ್ಲೀಡರ್ ಎಂದಷ್ಟೇ ಇದ್ದರೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಬ್ರಿಟಿಷರ ಕಾಲದಲ್ಲಿ ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆಯೇ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯುವ ದಾರಿಯಿತ್ತು. ವಕೀಲ, ಪ್ಲೀಡರ್, ಮುಖ್ತಾರ ಎಂಬ ಬೇರೆ ಬೇರೆ ದರ್ಜೆಗಳ ಬದಲು ಅಡ್ವೊಕೇಟ್ ಎಂಬ ಒಂದೇ ವರ್ಗ ಇಡೀ ದೇಶಕ್ಕೆ ಬಂದದ್ದು 1961ರ ಅಡ್ವೊಕೇಟ್ಸ್ ಕಾಯ್ದೆಯ ನಂತರ. ಹಲವು ವರ್ಷಗಳ ಹಿಂದೆ ನಾನು ಇಂಥ ಒಬ್ಬ ಹಿರಿಯರ ಬಗ್ಗೆ ಬರೆಯುತ್ತ 'ಮದ್ರಾಸ್ ಲಾ ಕಾಲೇಜಿನ ವಿದ್ಯಾರ್ಥಿ' ಎಂದು ಧೈರ್ಯವಾಗಿ ಬರೆದುಬಿಟ್ಟೆ. ಅಚ್ಚಾದ ಮೇಲೆ ಅವರ ಮೊಮ್ಮಗ ಸನದನ್ನೇ ತಂದು ತೋರಿಸಿದರು. ಅಜ್ಜ ಒಂದು ದಿನವೂ ಆ ಕಾಲೇಜಿನಲ್ಲಿ ಕೂತವರಲ್ಲ. ಸೀನಿಯರೊಬ್ಬರ ಆಫೀಸಿನಲ್ಲಿ ದಾವಾ ಅರ್ಜಿಗಳ ನಕಲು ಮಾಡುತ್ತ, ರಾತ್ರಿ ಓದಿ ಪರೀಕ್ಷೆ ಬರೆದವರು. ಅದು ನಾನು ಬರೆದ ಸುಳ್ಳಿಗಿಂತ ದೊಡ್ಡ ಕಥೆಯಾಗಿತ್ತು.

ವರ್ಷ ತಿಳಿದರೆ ದಾರಿ ತಿಳಿಯುತ್ತದೆ

ಸನದಿನ ವರ್ಷ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತು. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಸ್ವಾತಂತ್ರ್ಯ ಬರುವವರೆಗೂ ಚೀಫ್ ಕಮಿಷನರರ ಆಡಳಿತದಲ್ಲಿ ಪ್ರತ್ಯೇಕವಾಗಿಯೇ ಇತ್ತು. ಸಂವಿಧಾನ ಬಂದ ಮೇಲೆ 'ಸಿ' ದರ್ಜೆಯ ರಾಜ್ಯವಾಗಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿತು. ಆದರೆ ಮೈಸೂರು ಹೈಕೋರ್ಟಿನ ಅಧಿಕಾರ ವ್ಯಾಪ್ತಿ ಕೊಡಗಿಗೆ ವಿಸ್ತರಿಸಿದ್ದು ಅದಕ್ಕೂ ಮೊದಲು, 1952ರ ಒಂದು ಪ್ರತ್ಯೇಕ ಕಾಯ್ದೆಯಿಂದ. ಇದನ್ನು ಗಮನಿಸದ ಬರಹಗಾರರು 1953ರ ವಕೀಲರನ್ನೂ ಮದ್ರಾಸಿಗೆ ಕಳುಹಿಸಿಬಿಡುತ್ತಾರೆ.

ಮದ್ರಾಸಿನ ಬದಲು ಬೇರೆ ದಾರಿಗಳು ತೆರೆದ ವರ್ಷಗಳನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಪುಣೆಯ ಇಂಡಿಯನ್ ಲಾ ಸೊಸೈಟಿಯ ಕಾಲೇಜು 1924ರದು. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದು. ಅದಕ್ಕೂ ಮುಂಚೆ ಉತ್ತರ ಕರ್ನಾಟಕದ ಹುಡುಗರು ಪುಣೆಗೋ ಮುಂಬಯಿಗೋ ಹೋಗುತ್ತಿದ್ದರು. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು 1948ರಲ್ಲಿ, ಈಗ ವೈಕುಂಠ ಬಾಳಿಗಾ ಅವರ ಹೆಸರಿನಲ್ಲಿರುವ ಉಡುಪಿಯ ಕಾಲೇಜು 1957ರಲ್ಲಿ ಆರಂಭವಾದವು. ಕಾಲೇಜು ಒಂದೇ ಆದರೂ ಪದವಿ ಕೊಟ್ಟ ವಿಶ್ವವಿದ್ಯಾಲಯ ಕಾಲಕ್ಕೆ ತಕ್ಕಂತೆ ಬದಲಾಗಿರುತ್ತದೆ: ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ, ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಬಂದವು, ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳನ್ನು ಒಂದೆಡೆ ತಂದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರದು. ಪ್ರಮಾಣಪತ್ರ ನೋಡದೆ ವಿಶ್ವವಿದ್ಯಾಲಯದ ಹೆಸರು ಬರೆಯಬಾರದು.

ಸ್ಥಾಪನೆಯ ವರ್ಷ ಎಂಬ ತೊಡಕು

ಕಾಲೇಜು ಯಾವ ವರ್ಷ ಹುಟ್ಟಿತು ಎಂಬುದು ಸುಲಭದ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅಲ್ಲ. 1855ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನಿನ ತರಗತಿ ಆರಂಭವಾಯಿತು. ಪ್ರತ್ಯೇಕ ಕಾಲೇಜಾದದ್ದು 1891ರಲ್ಲಿ. ಹೈಕೋರ್ಟಿನ ಆವರಣದ ಕೆಂಪು ಕಟ್ಟಡ ಅದಕ್ಕೂ ಆಮೇಲಿನದು. ಮುಂಬಯಿಯದೂ ಇದೇ ಬಗೆ. ನ್ಯಾಯಾಧೀಶ ಅರ್ಸ್ಕಿನ್ ಪೆರಿ ಅವರ ಹೆಸರಿನಲ್ಲಿ 1855ರಲ್ಲಿ ಸ್ಥಾಪನೆಯಾದ ಒಂದು ಪ್ರಾಧ್ಯಾಪಕ ಪೀಠವೇ ಇಂದಿನ ಸರ್ಕಾರಿ ಕಾನೂನು ಕಾಲೇಜಿನ ಬೇರು. ತರಗತಿ, ಪೀಠ, ಕಾಲೇಜು, ಕಟ್ಟಡ ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಯಾವುದರ ವರ್ಷವನ್ನು ಬರೆಯುತ್ತಿದ್ದೀರಿ ಎಂಬುದನ್ನು ವಾಕ್ಯದಲ್ಲಿಯೇ ಹೇಳಬೇಕು. 'ಏಷ್ಯಾದಲ್ಲಿಯೇ ಅತ್ಯಂತ ಹಳೆಯದು' ಎಂಬ ಮಾತನ್ನು ನಾನಂತೂ ನನ್ನ ಬರಹದಿಂದ ಹೊರಗಿಡುತ್ತೇನೆ.

ಮೇಷ್ಟರನ್ನು ಅಳೆಯುವುದು ಹೇಗೆ

ಚರಿತ್ರೆಯ ತಿರುಳು ಇರುವುದು ಇಲ್ಲಿ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಪ್ರಾಂಶುಪಾಲರ ಹೆಸರುಗಳನ್ನು ಅಧಿಕಾರಾವಧಿಯ ಸಮೇತ ಪಟ್ಟಿ ಮಾಡಿದರೆ ಅದು ಕಾಲೇಜಿನ ಗೋಡೆಯ ಮೇಲಿರುವ ಹಲಗೆಯ ನಕಲಾಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಇವರು ಬರುವ ಮೊದಲು ಕಾನೂನನ್ನು ಹೇಗೆ ಕಲಿಸುತ್ತಿದ್ದರು, ಇವರು ಹೋದ ಮೇಲೆ ಹೇಗೆ ಕಲಿಸಿದರು?

ಈ ಪ್ರಶ್ನೆಗೆ ಉತ್ತರ ಕೊಡುವಂಥ ಕೆಲವರ ಕೆಲಸವನ್ನು ತಿಳಿದಿದ್ದರೆ ಕಣ್ಣು ಪಳಗುತ್ತದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ರೋಮನ್ ಕಾನೂನು ಹೇಳಿಕೊಡುತ್ತಿದ್ದ ಕಾಲದಲ್ಲಿ ಆ ದೇಶದ್ದೇ ಆದ, ಕೋರ್ಟುಗಳ ತೀರ್ಪುಗಳಿಂದ ಬೆಳೆದ ಕಾಮನ್ ಲಾ ಪಾಠವಾಗಿರಲಿಲ್ಲ. 1758ರಲ್ಲಿ ಆಕ್ಸ್‌ಫರ್ಡಿನ ವೈನೇರಿಯನ್ ಪೀಠಕ್ಕೆ ಬಂದ ವಿಲಿಯಂ ಬ್ಲ್ಯಾಕ್‌ಸ್ಟನ್ ಅದನ್ನು ತರಗತಿಗೆ ತಂದರು. ಅಮೆರಿಕದಲ್ಲಿ ಟ್ಯಾಪಿಂಗ್ ರೀವ್ ಎಂಬ ವಕೀಲರು ಲಿಚ್‌ಫೀಲ್ಡ್ ಎಂಬ ಊರಿನ ತಮ್ಮ ಮನೆಯ ಪಕ್ಕದಲ್ಲಿ 1784ರಲ್ಲಿ ಒಂದು ಕೋಣೆಯ ಶಾಲೆ ಕಟ್ಟಿ, ಸೀನಿಯರನ ಆಫೀಸಿನಲ್ಲಿ ಚೂರುಚೂರಾಗಿ ಸಿಗುತ್ತಿದ್ದ ವಿದ್ಯೆಗೆ ಒಂದು ಕ್ರಮ ಕೊಟ್ಟರು. 1833ರಲ್ಲಿ ಆ ಶಾಲೆ ಮುಚ್ಚಿತು. ಅಲ್ಲಿ ಏನು ಕಲಿಸುತ್ತಿದ್ದರೆಂಬುದು ನಮಗೆ ತಿಳಿದಿರುವುದು ಮುಖ್ಯವಾಗಿ ವಿದ್ಯಾರ್ಥಿಗಳು ಬರೆದುಕೊಂಡ ನೋಟ್ಸ್ ಉಳಿದುಬಂದದ್ದರಿಂದ. ಅಟ್ಟದ ಮೇಲಿನ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕುವ ಮುನ್ನ ಇದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಮಾಡಿದ್ದು ಇನ್ನೂ ದೊಡ್ಡ ಬದಲಾವಣೆ. ಮೇಷ್ಟರು ನಿಯಮ ಹೇಳುವುದು, ಹುಡುಗರು ಬರೆದುಕೊಳ್ಳುವುದು ಎಂಬ ಪದ್ಧತಿಯನ್ನು ಬಿಟ್ಟು, ಕರಾರು ಕಾನೂನಿನ ತೀರ್ಪುಗಳನ್ನು ಒಂದು ಸಂಪುಟವಾಗಿ ಕೈಗೆ ಕೊಟ್ಟು, ವಿದ್ಯಾರ್ಥಿಯನ್ನೇ ಎಬ್ಬಿಸಿ ಪ್ರಕರಣದ ಸಂಗತಿ ಹೇಳಿಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ನಿಯಮವನ್ನು ಅವನ ಬಾಯಿಂದಲೇ ಹೊರಡಿಸುತ್ತಿದ್ದರು. ಆರಂಭದಲ್ಲಿ ಹುಡುಗರಿಗೆ ಅದು ಹಿಡಿಸಲಿಲ್ಲ, ತರಗತಿ ಖಾಲಿಯಾಗತೊಡಗಿತು. ಆದರೂ ಒಂದೆರಡು ತಲೆಮಾರಿನೊಳಗೆ ಅಮೆರಿಕದ ಕಾನೂನು ಶಾಲೆಗಳೆಲ್ಲ ಅದೇ ದಾರಿ ಹಿಡಿದವು. ಅದೇ ದೇಶದಲ್ಲಿ, ಕರಿಯರಿಗೆ ಬಹುಪಾಲು ಕಾನೂನು ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಹಾವರ್ಡ್ (ಹಾರ್ವರ್ಡ್ ಅಲ್ಲ) ವಿಶ್ವವಿದ್ಯಾಲಯದ ಸಂಜೆ ಕಾನೂನು ಶಾಲೆಯನ್ನು ಪೂರ್ಣಾವಧಿಯ ಗಟ್ಟಿ ಶಾಲೆಯಾಗಿ ಬದಲಿಸಿದವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಈ ಹ್ಯೂಸ್ಟನ್ನರ ಶಿಷ್ಯ.

ನಮ್ಮಲ್ಲಿ ಅಂಬೇಡ್ಕರರನ್ನು ಸಂವಿಧಾನದ ಜೊತೆಗಷ್ಟೇ ನೆನೆಯುವ ರೂಢಿಯಿದೆ. 1935ರಲ್ಲಿ ಅವರು ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ಅದಕ್ಕೂ ಮೊದಲೇ ಅಲ್ಲಿ ಪಾಠ ಹೇಳಿದ್ದರು. ಆ ವರ್ಷಗಳಲ್ಲಿ ಮುಂಬಯಿಯಲ್ಲಿ ಓದಿದವರು ನಿಮ್ಮ ಬರಹದ ವ್ಯಕ್ತಿಯಾಗಿದ್ದರೆ ಈ ಸಂಗತಿಯನ್ನು ಬಿಡುವಂತಿಲ್ಲ.

ಕರ್ನಾಟಕದ ಮಟ್ಟಿಗೆ ಎನ್.ಆರ್. ಮಾಧವ ಮೆನನ್ ಅವರ ಕೆಲಸವನ್ನು ತೂಗಿ ನೋಡದೆ ಮುಂದೆ ಹೋಗಲಾಗದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ರಾಜ್ಯದ 1986ರ ಕಾಯ್ದೆಯಿಂದ ಹುಟ್ಟಿತು. ಅದರ ಮೊದಲ ನಿರ್ದೇಶಕರಾದ ಮೆನನ್ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡರು. ಅದುವರೆಗೆ ಕಾನೂನು ಎಂದರೆ ಬಹುಪಾಲು ಹುಡುಗರಿಗೆ ಬಿ.ಎ. ಮುಗಿಸಿ, ಬೇರೆ ಕೆಲಸ ಸಿಗದಿದ್ದರೆ ಇರಲಿ ಎಂದು ಬೆಳಿಗ್ಗೆಯೋ ಸಂಜೆಯೋ ಹೋಗಿ ಬರುವ ತರಗತಿಯಾಗಿತ್ತು. ಪಿಯುಸಿಯ ನಂತರವೇ ಐದು ವರ್ಷ, ವರ್ಷಕ್ಕೆ ಮೂರು ಟ್ರೈಮೆಸ್ಟರ್, ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರದ ಜೊತೆಗೆ ಕಾನೂನು, ಬಡವರ ಮೊಕದ್ದಮೆಗಳಲ್ಲಿ ಕೈಯಾರೆ ಕೆಲಸ ಮಾಡಿಸುವ ಕ್ಲಿನಿಕ್, ಇವೆಲ್ಲ ಅಲ್ಲಿ ಒಟ್ಟಿಗೆ ಬಂದವು. ಆದರೆ ಹೊಗಳಿ ನಿಲ್ಲಿಸಬಾರದು. ಆ ಶಾಲೆಯಿಂದ ಹೊರಬಂದವರಲ್ಲಿ ಎಷ್ಟು ಮಂದಿ ಸೋಮವಾರಪೇಟೆಯಂಥ ಊರಿನ ಮುನ್ಸಿಫ್ ಕೋರ್ಟಿಗೆ ಬಂದು ವಕಾಲತ್ತು ಹಾಕಿದರು ಎಂಬ ಪ್ರಶ್ನೆಯನ್ನು ಕೊಡಗಿನಲ್ಲಿ ಕೂತು ಬರೆಯುವವನು ಕೇಳಲೇಬೇಕು. ತಾಲ್ಲೂಕು ಕೋರ್ಟುಗಳನ್ನು ಇಂದಿಗೂ ನಡೆಸಿಕೊಂಡು ಹೋಗುತ್ತಿರುವವರು ಹೆಚ್ಚಾಗಿ ಮೂರು ವರ್ಷದ ಸಾಧಾರಣ ಕಾಲೇಜುಗಳಲ್ಲಿ ಓದಿದವರು. ಆ ಕಾಲೇಜುಗಳ ಮೇಷ್ಟರ ಬಗ್ಗೆ ಯಾರೂ ಬರೆದಿಲ್ಲ.

ಕಾಗದ, ಬೂಷ್ಟು, ಬೆಳ್ಳಿಹುಳ

ದಾಖಲೆ ಹುಡುಕಲು ವಿಶ್ವವಿದ್ಯಾಲಯಗಳ ಹಳೆಯ ಕ್ಯಾಲೆಂಡರುಗಳಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ. ಪದವೀಧರರ ಪಟ್ಟಿ, ಪಠ್ಯಕ್ರಮ, ಕೆಲವೊಮ್ಮೆ ಪ್ರಶ್ನೆಪತ್ರಿಕೆಗಳೂ ಅವುಗಳಲ್ಲಿ ಅಚ್ಚಾಗಿರುತ್ತವೆ. ಕೊಡಗಿನ ಹೆಸರುಗಳನ್ನು ಹುಡುಕುವಾಗ ತಾಳ್ಮೆ ಬೇಕು. ಪೊನ್ನಪ್ಪ, ಮಾಚಯ್ಯ, ಮುತ್ತಣ್ಣ ಎಂಬ ಹೆಸರಿನವರು ಒಂದೇ ದಶಕದಲ್ಲಿ ಹಲವರು ಇರಬಹುದು. ಮನೆತನದ ಹೆಸರಿನ ಮೊದಲಕ್ಷರ ಮತ್ತು ತಂದೆಯ ಹೆಸರಿನ ಮೊದಲಕ್ಷರ ಎರಡೂ ಹೊಂದಿದರೆ ಮಾತ್ರ ನಂಬಿ. ಊರಿನ ಹೆಸರುಗಳೂ ಅಂದಿನವೇ: ಮಡಿಕೇರಿ ಮರ್ಕೆರಾ ಆಗಿರುತ್ತದೆ, ಕುಶಾಲನಗರ ಫ್ರೇಸರ್‌ಪೇಟೆ ಆಗಿರುತ್ತದೆ.

ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಅಥವಾ ತೋಟದ ಬಂಗಲೆಯ ಬೀರುವಿನಲ್ಲಿ ಉಳಿದಿರುವ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಮೊದಲ ಪುಟದ ಸಹಿ, ಕೊಂಡ ಅಂಗಡಿಯ ಮುದ್ರೆ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಮಾತುಗಳು ತರಗತಿಯೊಳಗೆ ಏನಾಯಿತೆಂಬುದನ್ನು ಹೇಳುತ್ತವೆ. ಒಮ್ಮೆ ಒಂದು ಮನೆಯಲ್ಲಿ ಜಾನ್ ಡಿ. ಮೇನ್ ಅವರ ಹಿಂದೂ ಕಾನೂನಿನ ಗ್ರಂಥ ಸಿಕ್ಕಿತು. 1878ರಲ್ಲಿ ಮೊದಲು ಅಚ್ಚಾದ ಆ ಗ್ರಂಥದ ಕರ್ತೃ ಹಿಂದೆ ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೇ ಕಾನೂನು ಕಲಿಸಿದ್ದವರು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವ ಅಧ್ಯಾಯದ ಅಂಚಿನಲ್ಲಿ ಹುಡುಗನೊಬ್ಬ 'ನಮ್ಮ ಒಕ್ಕದಲ್ಲಿ ಹೀಗಿಲ್ಲ' ಎಂದು ಬರೆದಿದ್ದ. ಒಕ್ಕ ಎಂದರೆ ಕೊಡವರ ಮನೆತನ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ, ಒಕ್ಕದ ಯಜಮಾನನಾದ ಪಟ್ಟೆದಾರ, ಒಕ್ಕದ ಕಟ್ಟಳೆ ಇವನ್ನು ಹೊತ್ತುಕೊಂಡು ಹೋದವನಿಗೆ ಮದ್ರಾಸಿನ ಪಾಠ ಎಲ್ಲಿ ಒಗ್ಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆಗಳು ತೇವದಿಂದ ಅಂಟಿಕೊಂಡಿರುತ್ತವೆ, ಬಿಡಿಸಿದರೆ ಹರಿಯುತ್ತವೆ. ಬೂಷ್ಟು ಹಿಡಿದ ಪುಸ್ತಕವನ್ನು ಬಿಸಿಲಿಗೆ ಹರಡದೆ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ನಿಲ್ಲಿಸಿಟ್ಟು, ಬಣ್ಣ ಬಳಿಯುವ ಒಣ ಕುಂಚದಿಂದ ಮೃದುವಾಗಿ ಒರೆಸಬೇಕು.

ಹಿರಿಯರ ಬಳಿ ಕೂತಾಗ

ಕಾಫಿ ಕೊಯ್ಲಿನ ದಿನಗಳಲ್ಲಿ ತೋಟವಿರುವ ವಕೀಲರು ಮಾತಿಗೆ ಸಿಗುವುದಿಲ್ಲ. ಹುತ್ತರಿ ಹಬ್ಬದ ಸಮಯದಲ್ಲಿ ಸಿಕ್ಕರೂ ಮನೆ ತುಂಬ ನೆಂಟರಿರುತ್ತಾರೆ. ಕೋರ್ಟಿನ ಬೇಸಿಗೆ ರಜೆ ಎಲ್ಲಕ್ಕಿಂತ ಅನುಕೂಲ. 'ನಿಮ್ಮ ಕಾಲೇಜು ಹೇಗಿತ್ತು' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಹಾಜರಿ ಯಾರು ಹಾಕುತ್ತಿದ್ದರು, ಮೇಷ್ಟರು ಬೆಳಿಗ್ಗೆ ಕೋರ್ಟಿನಲ್ಲಿದ್ದು ಸಂಜೆ ಪಾಠಕ್ಕೆ ಬರುತ್ತಿದ್ದ ವಕೀಲರೋ ಅಥವಾ ಪಾಠವೇ ಕಸುಬಾಗಿದ್ದವರೋ, ನೋಟ್ಸ್ ಬರೆಸುತ್ತಿದ್ದರೋ ತೀರ್ಪು ಓದಿಸುತ್ತಿದ್ದರೋ, ಅಣಕು ನ್ಯಾಯಾಲಯದಲ್ಲಿ ಎಷ್ಟು ಸಲ ವಾದ ಮಾಡಿದಿರಿ, ಪರೀಕ್ಷೆಗೆ ಯಾವ ಗೈಡು ನೆಚ್ಚಿಕೊಂಡಿದ್ದಿರಿ, ತರಗತಿಯಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದರು, ಹೀಗೆ ಕೇಳಬೇಕು. ಹೆಂಗಸರು ವಕೀಲಿ ಮಾಡಲು ಅಡ್ಡಿಯಿಲ್ಲವೆಂದು ಈ ದೇಶದಲ್ಲಿ ಕಾಯ್ದೆ ಆದದ್ದೇ 1923ರಲ್ಲಿ. ಆದ್ದರಿಂದ ಆ ಕೊನೆಯ ಪ್ರಶ್ನೆಯ ಉತ್ತರ 'ಒಬ್ಬರೂ ಇರಲಿಲ್ಲ' ಎಂದಾದರೂ ಅದನ್ನು ಬರೆದುಕೊಳ್ಳಿ.

ಕೊನೆಗೆ ಸೀನಿಯರನ ವಿಷಯ ಕೇಳಿ. ಪದವಿ ಪಡೆದು ಬಂದವರೂ ವಕಾಲತ್ತು ಬರೆಯುವುದನ್ನು, ಸಾಕ್ಷಿಯನ್ನು ಪಾಟೀ ಸವಾಲಿಗೆ ಒಳಪಡಿಸುವುದನ್ನು, ಕಕ್ಷಿದಾರನ ಸಿಟ್ಟನ್ನು ಇಳಿಸುವುದನ್ನು ಕಲಿತದ್ದು ಆಫೀಸಿನಲ್ಲಿ, ಹಲವು ಸಲ ಹಳೆಯ ಗುಮಾಸ್ತನಿಂದ. ಲೇಖನದಲ್ಲಿ ಕಾಲೇಜಿಗೆ ಎರಡು ಪುಟ ಕೊಟ್ಟರೆ ಆ ಆಫೀಸಿಗೂ ಒಂದು ಪುಟ ಇರಲಿ, ಗುಮಾಸ್ತನ ಹೆಸರನ್ನು ಮನೆಯವರ ಒಪ್ಪಿಗೆ ಪಡೆದು ಸೇರಿಸಿ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಹಿರಿಯರಿಗೆ ಅಥವಾ ಅವರ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ವರ್ಷಗಳ ತಪ್ಪು ಆಗಲೇ ಸಿಕ್ಕಿಬೀಳುತ್ತದೆ. ಸನದು, ಪ್ರಮಾಣಪತ್ರ, ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದುಕೊಂಡು ಮೂಲವನ್ನು ಅದೇ ದಿನ ಹಿಂತಿರುಗಿಸಿ. ಫೋಟೊಗಳ ಒಂದು ಪ್ರತಿಯನ್ನು ವಕೀಲರ ಸಂಘದ ಗ್ರಂಥಾಲಯಕ್ಕೆ, ವ್ಯಕ್ತಿಯ ಹೆಸರು, ಮನೆತನ ಮತ್ತು ವರ್ಷ ಬರೆದ ಚೀಟಿಯೊಂದಿಗೆ ಕೊಟ್ಟು ಬನ್ನಿ.